ಮೊದಲು ಬಂದ ಸಣ್ಣ ಸದ್ದು

ರಿಯೊ ನಗರದ ಗುಡ್ಡದ ಮೇಲಿನ ಕೊಳೆಗೇರಿಯ ಆ ಶಾಲೆಯಲ್ಲಿ ಜೊರಾಯ್ಜಿ ಟೀಚರ್ ಭೌತಶಾಸ್ತ್ರ ಕಲಿಸತೊಡಗಿ ಇಪ್ಪತ್ತಾರು ವರ್ಷ. ಲ್ಯಾಬು ಅಂತ ಒಂದು ಕೋಣೆಯಿದೆ, ಅದರ ಬೀಗದ ಕೈ ಎಲ್ಲಿದೆಯೋ ದೇವರಿಗೇ ಗೊತ್ತು. ಹಾಗಾಗಿ ಮೊಬೈಲೇ ಅವಳ ಲ್ಯಾಬು. ಮೂವರಿಗೊಂದು ಮೊಬೈಲು, ಗುಂಪಿಗೊಬ್ಬ ಚುರುಕಿನವನು, ಒಬ್ಬ ಹಿಂದುಳಿದವನು, ಒಬ್ಬ ನಡುವಿನವನು. ಚಪ್ಪಾಳೆ ತಟ್ಟಿದರೆ ಪರದೆಯ ಮೇಲೆ ಸದ್ದಿನ ಗೆರೆ ಜಿಗಿಯುತ್ತಿತ್ತು. ಕಾರಿಡಾರಿನ ಎರಡು ತುದಿಗೂ ಒಂದೊಂದು ಮೊಬೈಲು ಇಟ್ಟು, ಸದ್ದು ಯಾವುದಕ್ಕೆ ಮೊದಲು ಮುಟ್ಟಿತು ಎಂದು ನೋಡಿ, ತಟ್ಟಿದವರು ಯಾವ ಕಡೆಗಿದ್ದಾರೆಂದು ಕಂಡುಹಿಡಿಯುವುದು ಮಕ್ಕಳಿಗೆ ಆಟ.

ಒಂದು ಗುಂಪಿನ ಹುಡುಗ ಕಾಯೀಕಿ ಲೆಕ್ಕದಲ್ಲಿ ಹುಲಿ. ಅದೇ ಗುಂಪಿನ ಹುಡುಗಿ ಎಡಿಲೇನಿಗೆ ಭಾಗಾಕಾರವೂ ಬಾರದು. ಗೆರೆಯನ್ನು ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು.

"ಟೀಚರ್, ನಾನು ಗೋಡೆ ಮರೇಲಿ ತಟ್ಟಿದ್ದು ಈ ಸಣ್ಣದು. ಈ ದೊಡ್ಡ ಗೆರೆ ನಂದಲ್ಲ, ಮೆಟ್ಟಿಲ ಹಿಂದಿನ ಬಂಡೆದು. ಬಂಡೆ ತಿರುಗಿ ಕೂಗುತ್ತೆ" ಎಂದಿದ್ದಳು ಒಮ್ಮೆ.

"ಬಂಡೆ ಜೊತೆ ಹರಟೆ ಹೊಡೀತಾಳೆ ಇವ್ಳು!" ಎಂದು ಕಾಯೀಕಿ ನಕ್ಕ. ಟೀಚರೂ ನಕ್ಕಳು. ಆ ನಗುವಿಗಿಷ್ಟು ಬೆಂಕಿ ಹಾಕ.

ಆ ಮಂಗಳವಾರ ಹತ್ತೂವರೆಗೆ ಗ್ಯಾಂಗಿನವರನ್ನು ಹಿಡಿಯಲು ಪೊಲೀಸರು ಗುಡ್ಡ ಹತ್ತಿದರು, ಗುಂಡು ಶುರುವಾಯಿತು. ಮಕ್ಕಳು ಯಾರೂ ಹೇಳದೆಯೇ ಕಾರಿಡಾರಿನಲ್ಲಿ ಬೋರಲು ಬಿದ್ದು, ತಲೆಯ ಮೇಲೆ ಕೈಯಿಟ್ಟು, ಹೆದರಿಕೆ ಮರೆಯಲು ಹಾಡತೊಡಗಿದರು; ಅಲ್ಲಿ ಮಗ್ಗಿಗಿಂತ ಮೊದಲು ಕಲಿಯುವ ಪಾಠ ಅದು. ಕಿಟಕಿ ಸಿಡಿದು ಒಬ್ಬಳ ಕಿವಿ ಹರಿಯಿತು. ಗುಂಡು ಬಡಿದ ಗೋಡೆಯ ಗಾರೆ ಬೆನ್ನುಗಳ ಮೇಲೆ ಉದುರಿತು. ಇನ್ನು ಅಲ್ಲಿ ಉಳಿಯುವಂತಿರಲಿಲ್ಲ. ಕಾರಿಡಾರಿನ ಒಂದು ತುದಿಯ ಅಡುಗೆಮನೆಗೆ ಓಡಬೇಕು, ಇಲ್ಲವೇ ಇನ್ನೊಂದು ತುದಿಯ ಮೆಟ್ಟಿಲಿಗೆ. ಬಂದೂಕಿನ ಕಡೆಗೇ ಓಡಿದರೆ ಇಪ್ಪತ್ತೆರಡು ಮಕ್ಕಳ ಕಥೆ ಮುಗಿಯಿತು. ಬೆಳಗಿನ ಪಾಠದ ಮೊಬೈಲುಗಳು ಇನ್ನೂ ತುದಿಗಳಲ್ಲೇ ಇದ್ದವು. ಎರಡರ ಗೆರೆಯೂ ಟೀಚರ ಕೈಯಲ್ಲಿದ್ದ ಮೊಬೈಲಿನಲ್ಲಿ ಕಾಣುತ್ತಿತ್ತು, ಸದ್ದೆಲ್ಲ ಅದರಲ್ಲಿ ಮುದ್ರಣವೂ ಆಗುತ್ತಿತ್ತು.

ಕಾಯೀಕಿ ತೆವಳಿ ಬಂದು ನೋಡಿದ. "ಮೆಟ್ಟಿಲ ಕಡೆಯಿಂದ ಹೊಡೀತಿದಾರೆ ಟೀಚರ್. ದೊಡ್ಡ ಗೆರೆ ಅಲ್ಲೇ ಮೊದ್ಲು. ಅಡುಗೆಮನೆಗೆ ಹೋಗೋಣ."

"ಅಲ್ಲ ಕಣೋ!" ಎಡಿಲೇನಿ ಕಿರುಚಿದಳು. "ದೊಡ್ಡದು ಬಂಡೆದು! ಅದಕ್ಕೂ ಮುಂಚೆ ಸಣ್ಣದೊಂದಿದೆ ನೋಡು, ಅದು ಅಡುಗೆಮನೆ ಕಡೆ ಮೊದ್ಲು ಬಂದಿದೆ. ಟೀಚರ್, ನಿಮ್ಮ ಕಾಲಿಗೆ ಬೀಳ್ತೀನಿ!"

"ನೀನು ಸುಮ್ನಿರು" ಎಂದಳು ಜೊರಾಯ್ಜಿ. "ಕಾಯೀಕಿ, ಮುಂದೆ ನಡಿ."

ಅವನು ಎದ್ದು ಓಡಿದ. ಆರು ಹೆಜ್ಜೆ. ಅಡುಗೆಮನೆಯ ಕಿಟಕಿಯಿಂದ ಬಂದ ಗುಂಡು ಗಂಟಲನ್ನು ಸೀಳಿತು, ರಕ್ತ ಗೋಡೆಗೆ ಚಿಮ್ಮಿತು. ಅವನ ಹಿಂದೆಯೇ ಎದ್ದ ಇಬ್ಬರ ಕಾಲನ್ನು ಎಡಿಲೇನಿ ಹಿಡಿದೆಳೆದು ಕೆಡವಿದಳು. ಮುಂದಿನ ಗುಂಡುಗಳು ಅವರ ತಲೆಯ ಮೇಲೆ ಹಾದುಹೋದವು. ಜೊರಾಯ್ಜಿ ತೆವಳಿ ಹೋಗಿ ಎರಡೂ ಕೈಯಿಂದ ಅವನ ಕುತ್ತಿಗೆ ಒತ್ತಿ ಹಿಡಿದಳು. ಬೆರಳ ಸಂದಿಯಲ್ಲಿ ಬಿಸಿ ರಕ್ತ ಇಳಿಯುತ್ತಲೇ ಇತ್ತು, ಅದು ನಿಂತಾಗ ಹುಡುಗನೂ ಇರಲಿಲ್ಲ. ಉಳಿದ ಇಪ್ಪತ್ತು ಮಕ್ಕಳನ್ನು ಎಡಿಲೇನಿ ಮೆಟ್ಟಿಲ ಕಡೆಗೆ ತೆವಳಿಸಿಕೊಂಡು ಹೋದಳು.

ಮಣ್ಣು ಮಾಡುವ ದಿನ ಕಾಯೀಕಿಯ ತಾಯಿ ಟೀಚರ ಕೂದಲು ಹಿಡಿದಳು. "ಯಾರ ಮಾತು ಕೇಳ್ದೆ ನೀನು? ಹೇಳು, ಯಾರ ಮಾತು?"

"ನಿಮ್ಮ ಮಗಂದೇ ಅಮ್ಮಾ."

ಆ ತಾಯಿ ಮುಖಮೂತಿ ನೋಡದೆ ಬಡಿದಳು. ತುಟಿ ಒಡೆದರೂ ಜೊರಾಯ್ಜಿ ಕೈ ಅಡ್ಡ ಹಿಡಿಯಲಿಲ್ಲ.

ಈಗಲೂ ಅವಳು ಕಲಿಸುತ್ತಾಳೆ. ಪ್ರತಿ ವರ್ಷ ಆ ಮಂಗಳವಾರದ ಧ್ವನಿಮುದ್ರಣ ಹಾಕಿ, "ಮೊದಲು ಬಂದದ್ದು ಯಾವುದು?" ಎಂದು ಕೇಳುತ್ತಾಳೆ. ಚುರುಕಿನವರ ಕೈ ಮೇಲೇಳುತ್ತದೆ. "ಇಳ್ಸಿ" ಎನ್ನುತ್ತಾಳೆ, ಹಿಂದಿನ ಬೆಂಚಿನ ಬಳಿಗೆ ಹೋಗಿ ನಿಲ್ಲುತ್ತಾಳೆ, ಉತ್ತರಕ್ಕೆ ಎಷ್ಟು ಹೊತ್ತಾದರೂ ಕಾಯುತ್ತಾಳೆ. ಧ್ವನಿಮುದ್ರಣವನ್ನು ಮಾತ್ರ ಮೊದಲ ಗುಂಡುಗಳ ಸದ್ದಿಗೇ ನಿಲ್ಲಿಸಿರುತ್ತಾಳೆ. ಇನ್ನೊಂದಿಷ್ಟು ಬಿಟ್ಟರೆ ಅವಳದೇ ದನಿ ಕೇಳುತ್ತದೆ: "ನೀನು ಸುಮ್ನಿರು."