ಜೇಬಿನ ಮೇಲೆ ಕೈ

ಇಂಥವನ್ನು ನಾನು ನಂಬುವವನಲ್ಲ. ಯಾರಾದರೂ ವಿಚಿತ್ರ ಅನುಭವ ಹೇಳಿಕೊಂಡರೆ, ನೆನಪು ಆಮೇಲೆ ಕೂತು ಹೊಲಿದದ್ದು ಎಂದು ನಕ್ಕುಬಿಡುತ್ತಿದ್ದೆ. ಈಗಲೂ ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ನೀವೂ ಇಡಬೇಡಿ.

ಗೆಳೆಯ ಮಂಜುನಾಥ ಭಟ್ಕಳದ ಬಂದರಿನಲ್ಲಿ ಬೋಟುಗಳಿಗೆ ಬಣ್ಣ ಬಳಿಯುತ್ತಿದ್ದ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡಕ್ಕೇರಿದಾಗ ಕೈತುಂಬ ಕೆಲಸ. ಉಳಿದ ತಿಂಗಳು ತನ್ನ ಚಿತ್ರ. ಫ್ರಾನ್ಸಿನ ಹಳೆಯ ಸಂಕೇತವಾದಿ ಕಲಾವಿದರ ಹುಚ್ಚು ಅವನಿಗೆ. ಕಣ್ಣಿಗೆ ಕಂಡದ್ದನ್ನು ಬರೆದರೆ ಅದು ಬೋಟಿನ ಬಣ್ಣ, ಆತ್ಮಕ್ಕೆ ಕಂಡದ್ದನ್ನು ಬರೆದರೆ ಚಿತ್ರ ಎನ್ನುತ್ತಿದ್ದ.

ಅವನು ತೀರಿಕೊಂಡ ಮರುವರ್ಷ ಕುಮಟೆಯ ಸುಮಿತ್ರಾ ಟೀಚರ್ ನನ್ನನ್ನು ಕರೆಸಿದರು. ಶಾಲೆಯಲ್ಲಿ ಅವನಿಗೆ ಡ್ರಾಯಿಂಗ್ ಕಲಿಸಿದವರು. ಅವನ ಪತ್ರಗಳಿವೆ, ಪುಸ್ತಕ ಮಾಡಬಹುದೇ ನೋಡಿ ಎಂದಿದ್ದರು. ಬರಹ ತಿದ್ದಿ ಅಚ್ಚಿಗೆ ಕೊಡುವುದು ನನ್ನ ಕೆಲಸ. ಹೊನ್ನಾವರದಿಂದ ಮಧ್ಯಾಹ್ನದ ಬಸ್ಸಿಗೆ ಹೋದೆ. ಜಗಲಿಯ ಮೇಲೆ ನಾನು ಕೂತ ಕುರ್ಚಿಯ ಪಕ್ಕ ಒಂದು ಬಿಸ್ಕೆಟ್ ಡಬ್ಬಿ ತುಂಬ ಅವನ ಕೈಬರಹ, ಎಲ್ಲ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ. ಮೂವತ್ತು ವರ್ಷದ ಗೆಳೆತನದಲ್ಲಿ ನನಗೆ ಬಂದದ್ದು ವಾಟ್ಸಾಪಿನ ಹೆಬ್ಬೆರಳು ಮಾತ್ರ.

"ನಿಮಗೆ ಎಂತಕ್ಕೆ ಬರೀಲಿಲ್ಲ ಗೊತ್ತಾ?" ಟೀಚರ್ ಕೇಳಿದರು. "ನೀವು ಓದೂದಿಲ್ಲ, ತಿದ್ತ್ರಿ ಅಂತಿದ್ದ ಅಂವ." ನಗುತ್ತ ಚಹಾ ಮಾಡಲು ಒಳಗೆ ಹೋದರು.

ಒಂದು ಪತ್ರದಲ್ಲಿ, 'ನನ್ನ ಚಿತ್ರಗಳ ಒಳಗನ್ನು ಕಂಡವರು ನೀವೊಬ್ಬರೇ' ಎಂದಿತ್ತು. ಅವನ ಒಂದೊಂದು ಚಿತ್ರದ ಮುಂದೆಯೂ ಗಂಟೆಗಟ್ಟಲೆ ಕೂತವನು ನಾನು. ಹಾಳೆ ಮಡಚಿ ಅಂಗಿಯ ಜೇಬಿಗೆ ಸೇರಿಸಿದೆ.

ಮುಂದಿನ ಪತ್ರ ತೆರೆದೆ. 'ಟೀಚರ್, ನಿನ್ನೆ ನಿಮ್ಮ ಜಗಲಿಯ ಚಿತ್ರ ಬರೆದೆ. ಕುರ್ಚಿಯಲ್ಲಿ ಒಬ್ಬ ಕೂತಿದ್ದಾನೆ, ಕೈ ಜೇಬಿನ ಮೇಲಿದೆ. ನಿಮ್ಮದೇನೋ ಅದರಲ್ಲಿದೆ. ಮುಖ ಯಾರದೆಂದು ಹೊಳೆಯಲಿಲ್ಲ, ಹಾಗೇ ಬಿಟ್ಟಿದ್ದೇನೆ. ಯಾಕೋ ಅವನ ಮೇಲೆ ಸಿಟ್ಟು ಬರಲಿಲ್ಲ.'

ನನ್ನ ಕೈ ಜೇಬಿನ ಮೇಲೇ ಇತ್ತು.

ಟೀಚರ್ ಚಹಾ ತಂದಿಟ್ಟು ನಾನು ಹಿಡಿದ ಹಾಳೆಯನ್ನು ನೋಡಿದರು. "ಆ ಚಿತ್ರ ಒಳಗೇ ಅದೆ. ನೋಡ್ತ್ರಾ?"

ಬಸ್ಸಿಗೆ ಹೊತ್ತಾಯಿತು ಎಂದೆ. ಆಗಿರಲಿಲ್ಲ. "ಆತು, ಇನ್ನೊಂದ್ಸಲ ಬನ್ನಿ" ಎಂದರು. ಹೋಗಿಲ್ಲ.

ಆ ಸಾಲುಗಳನ್ನು ಓದಿದ ಮೇಲೆ ಕೈ ಜೇಬಿಗೆ ಹೋಯಿತೋ, ಮೊದಲೇ ಹೋಗಿತ್ತೋ ಎಂದು ನನ್ನನ್ನೇ ಎಷ್ಟೋ ಸಲ ಜಬರಿಸಿ ಕೇಳಿದ್ದೇನೆ. ಹಿಂದುಮುಂದಾಗಿರಬಹುದು. ಆದರೂ ಕದಿಯುವವನೊಬ್ಬ ಬರುತ್ತಾನೆಂದು ಅವನಿಗೆ ಹೇಗೆ ತಿಳಿಯಿತು? ನನಗೆ ಗೊತ್ತಿಲ್ಲ. ಅವನ ಕೈಬರಹ ಎಂದು ನನ್ನ ಬಳಿ ಇರುವುದು ಕದ್ದ ಆ ಒಂದೇ ಹಾಳೆ. ಆಗಾಗ ತೆಗೆದು ಓದುತ್ತೇನೆ, 'ಪ್ರೀತಿಯ ಟೀಚರ್' ಎಂಬ ಮೊದಲ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು.