ಬೀಸುವ ಕಲ್ಲಿನ ಮುಂದೆ ಇಟಲಿಯ ಮಾತು

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕಲಿತದ್ದು ಮಕ್ಕಳಾದ ಮೇಲೆ, ಅದೂ ನಮ್ಮ ಮನೆಯವರು ಬೆರಳು ಹಿಡಿದು ಬೂದಿಯಲ್ಲಿ ತಿದ್ದಿಸಿದ್ದರಿಂದ. ಆದರೆ ಕನ್ನಡ ಬರೆಯಲು ಬರುವುದಕ್ಕಿಂತ ಮೊದಲೇ ನನಗೆ ಇಟಲಿ ದೇಶದ ಕ್ರಿಯಾಪದಗಳು ಬಾಯಿಗೆ ಬರುತ್ತಿದ್ದವು. ಮೊಮ್ಮಕ್ಕಳು ನಂಬುವುದಿಲ್ಲ. ಬಿಡಲಿ.

ನರಗುಂದದಲ್ಲಿ ಇಂಗ್ರೇಜಿಯವರ ಮೇಲೆ ಗದ್ದಲವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಾನು ರೋಣಕ್ಕೆ ಸೊಸೆಯಾಗಿ ಬಂದು ಬಹಳ ದಿನ ಆಗಿರಲಿಲ್ಲ. ಮಾವನವರದು ಹತ್ತಿಯ ವ್ಯಾಪಾರ. ಜಗುಲಿಗೆ ಹತ್ತಿದ ಉಗ್ರಾಣದ ಕೋಣೆ ಆ ವರ್ಷ ಖಾಲಿ ಬಿದ್ದಿತ್ತು, ಅದನ್ನು ಒಬ್ಬ ಪಾದ್ರಿಗೆ ಇರಲು ಕೊಟ್ಟರು. ಊರವರು ಅವನನ್ನು ಇಂಗ್ರೇಜಿ ಸಾಹೇಬ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ತಾನು ಇಟಲಿಯವನು, ಇಂಗ್ರೇಜಿ ತನಗೂ ಅಷ್ಟಕ್ಕಷ್ಟೆ ಎನ್ನುತ್ತಿದ್ದ. ಅವನಿಗೆ ಕನ್ನಡ ಕಲಿಯಬೇಕಾಗಿತ್ತು. ಕಲಿಸಲು ಒಪ್ಪಿದವರು ನಮ್ಮ ಮನೆಯವರು. ಪ್ರತಿಯಾಗಿ ಅವರು ಕೇಳಿದ್ದು ಒಂದೇ: ನಿಮ್ಮ ಮಾತನ್ನು ನನಗೆ ಕಲಿಸಿರಿ. ಕೆಲವರಿಗೆ ಎತ್ತಿನ ಹುಚ್ಚು, ಕೆಲವರಿಗೆ ಕುಸ್ತಿಯ ಹುಚ್ಚು. ನನ್ನ ಗಂಡನಿಗೆ ಮಾತಿನ ಹುಚ್ಚು.

ಬೆಳಿಗ್ಗೆ ಜಗುಲಿಯ ಮೇಲೆ ಪಾಠ ನಡೆಯುತ್ತಿತ್ತು. ಗೋಡೆಯ ಈಚೆಗೆ ನಾನು ಜೋಳ ಬೀಸುತ್ತಿದ್ದೆ. ಅವರು ಗಟ್ಟಿಯಾಗಿ ಒಪ್ಪಿಸುವರು: ವಾದೊ, ವಾಯಿ, ವಾ. ನಾನು ಹೋಗುತ್ತೇನೆ, ನೀನು ಹೋಗುತ್ತೀ, ಅವನು ಹೋಗುತ್ತಾನೆ. ಕಲ್ಲು ತಿರುಗಿದಂತೆ ನನ್ನ ಬಾಯಿಯೂ ಜೊತೆಗೆ ತಿರುಗುತ್ತಿತ್ತು. 'ನಾವು ಹೋಗುತ್ತೇವೆ' ಎನ್ನುವಲ್ಲಿ ಮಾತ್ರ ಒಮ್ಮೆಲೇ ಅಂದಿಯಾಮೊ! ವಾ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಲ್ಲಿಗೆ ಬಂದಾಗಲೆಲ್ಲ ಗೂಟ ನನ್ನ ಕೈಯಲ್ಲಿ ತಡವರಿಸುತ್ತಿತ್ತು. ಕಟ್ಟು ತಪ್ಪಿದ ಕ್ರಿಯಾಪದಗಳು ಇವು ಎಂದು ಪಾದ್ರಿ ಹೇಳಿದನಂತೆ. ಇರು, ಮಾಡು, ಕೊಡು, ಬಾ, ಹೋಗು, ದಿನಾ ಬಳಸುವವೇ ಹೆಚ್ಚು ಕಟ್ಟು ತಪ್ಪಿದ್ದವು.

ಅತ್ತೆಗೆ ಮಾತ್ರ 'ಅಂದಿಯಾಮೊ' ಕೇಳಿದರೆ ಮೈ ಉರಿಯುತ್ತಿತ್ತು.

"ಅಂದೀಯಾ ಅಂತ ದಿನಾ ಯಾರಿಗೆ ಕೇಳ್ತೀಯೋ? ನಾ ಏನ್ ಅಂದೀನಿ ನಿನಗ?"

"ನಿನಗಲ್ಲಬೇ ಯವ್ವಾ, ಪಾಠ."

"ಪಾಠ ಅಂದ್ರ ದೇವರ ಹೆಸರ ಇರಬೇಕು. ಇದೇನ್ ಜಗಳ ತಗದಂಗ."

ಪಾದ್ರಿಯೂ ನಮ್ಮ ಕನ್ನಡದ ಮೇಲೆ ದೂರು ಹೇಳುತ್ತಿದ್ದ. ಬೀಳು ಎನ್ನುವುದು ಬಿದ್ದೆ ಏಕಾಗಬೇಕು, ಬೀಳಿದೆ ಎಂದೇಕಾಗಬಾರದು ಎಂದು ಒಮ್ಮೆ ಕೇಳಿದ. ಅತ್ತೆ ಒಳಗಿನಿಂದಲೇ ಹೇಳಿದರು, "ಬಿದ್ದ ಮ್ಯಾಲೆ ಯಾವುದಾರ ಮೊದಲಿನಂಗ ಇರತದೇನ್ರಿ?" ಪಾದ್ರಿ ಎದ್ದು ನಿಂತು ಕೈಮುಗಿದ.

ಹಾಗೆಂದು ಅತ್ತೆಯಿಂದ ಅವನಿಗೆ ಮೋಸವೂ ಆಯಿತು. 'ಹೋಗು' ಎನ್ನುವುದನ್ನು ತಿದ್ದಿಕೊಳ್ಳುವಾಗ, ಹೊಸಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅತ್ತೆಯನ್ನು, "ಈಗ ನೀವು ಹೊಲಕ್ಕೆ ಹೊರಟಿದ್ದೀರಿ. ಏನು ಹೇಳುತ್ತೀರಿ?" ಎಂದು ಕೇಳಿದ. ಹೊಸಿಲಲ್ಲಿ ನಿಂತು 'ಹೋಗ್ತೀನಿ' ಎನ್ನುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. "ಬರ್ತೀನಿ ಅಂತೀನ್ರಿ," ಎಂದರು ಅತ್ತೆ. ಪಾದ್ರಿ ಅದನ್ನೇ ಹಿಡಿದ: ನಾನು ಬರ್ತೀನಿ, ನೀನು ಹೋಗ್ತಿ, ಅವ ಹೋಗ್ತಾನ. ಅವನಿಗೆ ಸಂಶಯವೇ ಬರಲಿಲ್ಲ. ಅವರಲ್ಲಿ ಅಂದಿಯಾಮೊ ಇದ್ದದ್ದು ವಾದೊ ಆಗುವುದಾದರೆ, ನಮ್ಮಲ್ಲಿ ಹೋಗು ಇದ್ದದ್ದು ಬರ್ತೀನಿ ಯಾಕಾಗಬಾರದು?

ಮುಂದೆ ಜಕ್ಕಲಿಯ ಗಾಡಿಯವನೊಬ್ಬ ನಮ್ಮ ಬಾಗಿಲಿಗೆ ಬಂದಾಗ ಪಾದ್ರಿ, "ನಾಳೆ ನಾನು ಗಜೇಂದ್ರಗಡಕ್ಕೆ ಬರ್ತೀನಿ" ಎಂದ.

"ಬರ್ರಿ, ಬ್ಯಾಡ ಅಂದೋರ್ಯಾರು? ಆದ್ರ ನಾ ಗಜೇಂದ್ರಗಡದಾಗ ಇಲ್ರಿ, ಇಲ್ಲೇ ನಿಮ್ಮ ಮುಂದ ನಿಂತೀನಿ."

ಜಗುಲಿಯೆಲ್ಲ ನಕ್ಕಿತು, ಪಾದ್ರಿ ಎಲ್ಲರಿಗಿಂತ ಹೆಚ್ಚು ನಕ್ಕ. ನಮ್ಮ ಪದ್ಧತಿ ಏನೆಂದು ಮನೆಯವರು ಬಿಡಿಸಿ ಹೇಳಿದರು. ಅವನು, "ಮತ್ತೆ ತಿರುಗಿ ಬರಬಾರದೆಂದು ಹೋಗುವವನು ಏನು ಹೇಳುತ್ತಾನೆ?" ಎಂದ.

"ಅವನೂ ಬರ್ತೀನಿ ಅಂತಾನ," ಎಂದರು ಅತ್ತೆ.

ಇಟಲಿಯ ಮಾತು ನನಗೆ ಬರುತ್ತದೆಂದು ಮನೆಯವರಿಗೆ ಗೊತ್ತಾದದ್ದು ರೊಟ್ಟಿಯ ಮುಂದೆ. ಹಿರಿಯರ ಎದುರಿಗೆ ಸೊಸೆ ಗಂಡನೊಡನೆ ಮಾತಾಡುವ ಹಾಗಿರಲಿಲ್ಲ. ಉಣ್ಣುವುದಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಬೇಕಾದರೂ ಸುತ್ತು ಬಳಸಬೇಕು. ಒಂದು ದಿನ ಪಾದ್ರಿ ಎದ್ದು ಹೋದ ಮೇಲೂ ಅವರು ಒಪ್ಪಿಸುತ್ತಲೇ ಇದ್ದರು, ರೊಟ್ಟಿ ತಣ್ಣಗಾಗುತ್ತಿತ್ತು, ಹೊಟ್ಟೆಯಲ್ಲಿ ಸಿಟ್ಟು. ಕಲ್ಲು ತಿರುಗಿಸುತ್ತ ಪಾಠ ಗೊಣಗುವವಳಂತೆ "ವಿಯೆನಿ, ವಿಯೆನಿ" ಎಂದೆ. ಬಾ, ಬಾ. ಜಗುಲಿಯ ಮೇಲೆ ಒಪ್ಪಿಸುತ್ತಿದ್ದ ದನಿ ನಿಂತೇಹೋಯಿತು. ಆಮೇಲೆ "ವೆಂಗೊ" ಎಂದು ಉತ್ತರ ಬಂತು. ಬರ್ತೀನಿ. ಅವರ ನಗೆ ಗೋಡೆಯ ಆಚೆಯಿಂದಲೂ ನನಗೆ ಕೇಳಿಸಿತು.

ಅಲ್ಲಿಂದ ಹೀಗೇ ನಡೆಯಿತು. ಕೊಡು ಎನ್ನಲು ಒಂದು ಶಬ್ದ, ಮಾಡಿದೆ ಎನ್ನಲು ಒಂದು. ಮನೆಯ ತುಂಬ ಜನ, ನಮ್ಮಿಬ್ಬರ ಮಾತು ಮಾತ್ರ ನಮಗೆ. ಆದರೆ ಒಮ್ಮೆ ಪಡಸಾಲೆಯಿಂದ ಅವರು ನನ್ನನ್ನು "ವಿಯೆನಿ" ಎಂದು ಕರೆದಾಗ ಬಂದು ನಿಂತವರು ನನ್ನ ನೆಗೆಣ್ಣಿ, ಅವರ ಅಣ್ಣನ ಹೆಂಡತಿ.

"ಏನಪಾ, ವೈನಿ ವೈನಿ ಅಂತ ಒದರಾಕತ್ತಿದಿ? ಏನ್ ಬೇಕಿತ್ತು?"

ಅತ್ತಿಗೆಯನ್ನು ನಮ್ಮಲ್ಲಿ ವೈನಿ ಎನ್ನುತ್ತಾರಲ್ಲ! ಅವರು ತಡವರಿಸಿ, "ಏನಿಲ್ಲ ವೈನಿ, ಒಂದ ತಂಬಿಗಿ ನೀರು" ಎಂದರು. ನೆಗೆಣ್ಣಿ ನನ್ನ ಮುಖ ನೋಡಿ, ಅವರ ಮುಖ ನೋಡಿ, "ನೀರು ಕೊಡಾಕ ಆಕಿ ಇದ್ಲಲ್ಲ. ಈ ಪಾಠ ನನಗ್ಯಾಕೋ ಚಲೋ ಕಾಣವಲ್ದು" ಎಂದು ಹೋದರು.

ಮಳೆಗಾಲ ಕಳೆದ ಮೇಲೆ ಪಾದ್ರಿಗೆ ಹೊರಡುವ ಹೊತ್ತು ಬಂತು. ನರಗುಂದದ ಮೇಲೆ ಹಾಯ್ದು, ಘಟ್ಟ ಇಳಿದು ಕಡಲ ಸೀಮೆಗೆ ಹೋಗಿ, ಅಲ್ಲಿ ಕನ್ನಡದ ಮಾತುಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ಮಾಡಬೇಕೆಂದಿದ್ದ. ನಮ್ಮ ಮನೆಯವರನ್ನು ಜೊತೆಗೆ ಕರೆದ. ಎಷ್ಟು ವರ್ಷದ ಕೆಲಸವೋ ಅವನಿಗೂ ಗೊತ್ತಿರಲಿಲ್ಲ. ಮಾವನವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಗ ಜಾತಿ ಕೆಟ್ಟಾನು ಎಂದು ಅತ್ತೆಗೆ ಚಿಂತೆ. ನನಗೆ ಜಾತಿಯ ಚಿಂತೆ ಇರಲಿಲ್ಲ. ನಾನು ಬಸುರಿ. ಗಂಡ ಮನೆಯಲ್ಲಿರಬೇಕಿತ್ತು, ಅಷ್ಟೆ. ಹೋಗುವಾಗ ಅವರು ಬರ್ತೀನಿ ಎಂದೇ ಹೇಳುತ್ತಾರೆ, ಎಲ್ಲರೂ ಹಾಗೇ ಹೇಳುವುದು. ಆ ಮಾತನ್ನು ಇಟ್ಟುಕೊಂಡು ನಾನೇನು ಮಾಡಲಿ?

ಅವರಿಗೆ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ. ಆ ಕೊನೆಯ ದಿನಗಳಲ್ಲಿ ಪಾಠ 'ಆದರೆ-ಹೋದರೆ' ಮಾತಿಗೆ ಬಂದಿತ್ತು. ಹೋಗುತ್ತೇನೆ ಎಂದು ಗಟ್ಟಿಯಾಗಿ ಹೇಳದೆ, ಹೀಗಾದರೆ ಹೋಗುತ್ತಿದ್ದೆ, ಇಲ್ಲದಿದ್ದರೆ ಇಲ್ಲ ಎನ್ನಲು ಅವರಲ್ಲಿ ಬೇರೆಯೇ ರೂಪ. ಅಂದ್ರೆಯಿ. ನನಗೆ ಅದು ನೆನಪಿಡಲು ಸುಲಭವಾಗಿತ್ತು. ನಮ್ಮ 'ಅಂದ್ರ' ಅದರೊಳಗೇ ಕೂತಂತಿತ್ತು. ಹೋಗ್ ಅಂದ್ರ ಹೋಗ್ತೀನಿ.

ಹೊರಡುವ ಮುಂಜಾನೆ ಬಾಗಿಲಲ್ಲಿ ಗಾಡಿ ನಿಂತಿತ್ತು. ಪಾದ್ರಿಯ ಪೆಟ್ಟಿಗೆಗಳು ಮೇಲೇರಿದವು. ನಮ್ಮ ಮನೆಯವರ ಗಂಟು ಇನ್ನೂ ಜಗುಲಿಯ ಮೇಲೆಯೇ ಇತ್ತು. ಅತ್ತೆ ತಡೆಯದೆ ಕೇಳಿದರು.

"ಏನಪಾ, ಖರೇನ ಹೋಗ್ತೀಯೇನು?"

ಅವರು ತಾಯಿಯ ಕಡೆ ನೋಡಲಿಲ್ಲ. ನಾನು ನಿಂತಿದ್ದ ಅಡಿಗೆ ಮನೆಯ ಬಾಗಿಲ ಕಡೆ ನೋಡಿದರು. "ಅಂದ್ರೆಯಿ," ಎಂದರು.

"ಅಂದ್ರ? ಅಂದ್ರ ಏನೋ? ಮುಂದ ಹೇಳಪಾ!"

ಮುಂದಿನದನ್ನು ನಾನು ಹೇಳಬೇಕಾಗಿತ್ತು. ಅಷ್ಟು ಜನ ಹಿರಿಯರು. ತಲೆಯ ಮೇಲಿನ ಸೆರಗು ಮುಂದಕ್ಕೆ ಎಳೆದುಕೊಂಡೆ. ಹೋಗಬ್ಯಾಡ್ರಿ ಎನ್ನಬೇಕು, ಕನ್ನಡದಲ್ಲಿ ಎನ್ನುವ ಹಾಗಿಲ್ಲ. ಪಾದ್ರಿಯ ಮಾತಿನಲ್ಲಿ ಬೇಡವೆನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. 'ಅವನು ಹೋಗುತ್ತಾನೆ' ಎನ್ನುವ ವಾ, ಎದುರಿಗಿದ್ದವನಿಗೆ 'ಹೋಗು' ಎನ್ನುವುದಕ್ಕೂ ಅದೇ ವಾ ಎಂದು ಗೊತ್ತಿತ್ತು. ಇಲ್ಲ ಎನ್ನಲು ನೊನ್ ಎಂದೂ ಗೊತ್ತಿತ್ತು. ಎರಡನ್ನೂ ಕೂಡಿಸಿದೆ.

"ನೊನ್ ವಾ!"

ಬೇಡಿಕೊಳ್ಳಬೇಕೆಂದಿದ್ದೆ, ದನಿ ಮಾತ್ರ ದನ ಹೊಡೆಯುವವಳ ಹಾಗೆ ಬಂತು. ನೆಗೆಣ್ಣಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಮಾವನವರು ಕೆಮ್ಮಿದರು. ಪಾದ್ರಿ ಗಾಡಿಯ ಗಾಲಿಗೆ ಕೈಯೂರಿ ನಿಂತಿದ್ದವನು ತಿರುಗಿ ನನ್ನನ್ನು ನೋಡಿದ. ಆ ಗೋಡೆಯ ಹಿಂದೆ ಇನ್ನೊಬ್ಬ ಶಿಷ್ಯೆ ಇದ್ದದ್ದು ಅವನಿಗೆ ಗೊತ್ತಾದದ್ದು ಆಗ.

"ಏನಂದ್ಲ್ರಿ ಆಕಿ?" ಅತ್ತೆ ಅವನನ್ನೇ ಕೇಳಿದರು.

ಪಾದ್ರಿ ನಿಧಾನವಾಗಿ ಕನ್ನಡ ಜೋಡಿಸಿದ. "ಅವನು ಹೋಗುವುದಿಲ್ಲ, ಎಂದು ಹೇಳಿದಳು."

ನಾನು ಹೋಗಬೇಡ ಎಂದಿದ್ದೆ. ಅವರ ಮಾತಿನ ಕಟ್ಟಿನಲ್ಲಿ ಅದು 'ಅವನು ಹೋಗುವುದಿಲ್ಲ' ಆಗಿಬಿಟ್ಟಿತ್ತು. ಬೇಡಿಕೆ ಅಲ್ಲ, ಅಪ್ಪಣೆಯೂ ಅಲ್ಲ, ಸೂರ್ಯ ಮೂಡುತ್ತಾನೆ ಎಂದಹಾಗೆ ಒಂದು ಸಂಗತಿ. ಆ ಸಂಗತಿಯ ಮುಂದೆ ಪಾದ್ರಿ ತನ್ನ ಶಿಷ್ಯನ ಗಂಟನ್ನು ನೋಡಿದ, ಶಿಷ್ಯನ ಮುಖ ನೋಡಿದ, ತಲೆಯಾಡಿಸಿದ. ನಮ್ಮ ದೇಶದಲ್ಲಿ ಆಗದ ಕೆಲಸಕ್ಕೂ ಇದೇ ಮಾತು ಅನ್ನುತ್ತೇವೆ ಎಂದ. ಗಾಡಿ ಹತ್ತಿ ಕೈಯೆತ್ತಿದ.

ನಮ್ಮ ಮನೆಯವರು ಗಾಡಿ ಕಾಣದಾಗುವವರೆಗೆ ನಿಂತಿದ್ದರು. ಒಂದು ಗಳಿಗೆ ಅವರ ಮುಖ ಬಾಡಿತ್ತು, ನಾನು ನೋಡಿದೆ. ನೋಡಿಯೂ ನನಗೆ ಕೆಡುಕೆನಿಸಲಿಲ್ಲ. ಆಮೇಲೆ ಗಂಟು ಎತ್ತಿಕೊಂಡು ಒಳಗೆ ಬಂದರು.

"ಅಷ್ಟ ಹೇಳಾಕ ಅಷ್ಟ ದೂರದ ಮಾತ್ಯಾಕ ಬೇಕಿತ್ತು?" ಅತ್ತೆ ನನ್ನ ಮೇಲೆ ರೇಗಿದರು. "ಕನ್ನಡದಾಗ ಅಂದಿದ್ರ ನಾನೂ ಕೂಡಿ ಅಂತಿದ್ನಲ್ಲ!"

ಹಿರಿಯರು ಆಚೆ ಹೋದ ಮೇಲೆ ಮನೆಯವರು ಬೀಸುವ ಕಲ್ಲಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು.

"ನೀ ಆಡಿದ್ದು ತಪ್ಪು. ಒಬ್ಬರಿಗೆ ಬ್ಯಾಡ ಅನಬೇಕಾದ್ರ ಅವರಲ್ಲಿ ಬ್ಯಾರೇನ ರೂಪ ಐತಿ. ಕಲಿಸ್ಲೇನು?"

"ಯಾಕ ಬೇಕ್ರಿ ಈಗ? ಕೆಲಸ ಆತಲ್ಲ."

"ತಪ್ಪು ಅಂದ್ರ ತಪ್ಪ."

"ಇರ್ಲಿ ಬಿಡ್ರಿ. ಜ್ವಾಳ ಅಷ್ಟು ಮುಂದಕ್ಕ ಸರಸ್ರಿ."

ಸರಿಸಿದರು. ಆ ಸರಿಯಾದ ರೂಪ ಯಾವುದೆಂದು ನಾನು ಇವತ್ತಿನವರೆಗೂ ಕಲಿತಿಲ್ಲ.