ಮುಚ್ಚಳ ತೆಗೆಯದ ಬಾಟಲಿ

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಮ್ಮವರೇ ನಗೆಯಾಡುತ್ತಾರೆ. ಅಂಥ ಊರಿನಲ್ಲಿ ಆಯುಷ್ಯವೆಲ್ಲ ಕಳೆದ ಅಮ್ಮನಿಗೆ ಐರ್ಲೆಂಡಿನ ಬಿಸಿಲು ಏನು ಮಾಡೀತು ಎಂದುಕೊಂಡೆ. ನಾನು ಡಾಕ್ಟರು. ಬೇರೆ ಯಾರು ಹಾಗೆ ಅಂದುಕೊಂಡರೂ ನಾನು ಅಂದುಕೊಳ್ಳಬಾರದಿತ್ತು.

ಆ ವಾರ ಡಬ್ಲಿನ್ ಬೆಂದುಹೋಗಿತ್ತು. ಊರಂಚಿನ ಸ್ಯಾಂಟ್ರಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಫ್ಯಾನು ತೂಗುಹಾಕಲು ಕೊಕ್ಕೆಯೂ ಇಲ್ಲ. ಚಳಿಯನ್ನು ತಡೆಯಲೆಂದು ಕಟ್ಟಿದ ಗೋಡೆಗಳು ಸೆಕೆಯನ್ನು ಹೊರಗೆ ಬಿಡುತ್ತಿರಲಿಲ್ಲ. ಅಮ್ಮ ಬಂದು ಇಪ್ಪತ್ತು ದಿನವಾದರೂ ಕಿಟಕಿಯಾಚೆ ಏನನ್ನೂ ನೋಡಿರಲಿಲ್ಲ, ನನಗೆ ಸಿಕ್ಕಿದ್ದು ಒಂದೇ ದಿನ ರಜೆ. ಕೋಟೆ, ಹಳೆಯ ಕಾಲೇಜು, ಎರಡು ಚರ್ಚು, ನದಿ, ಎಲ್ಲವನ್ನೂ ನಡೆದೇ ಮುಗಿಸುವುದೆಂದು ಪಟ್ಟಿ ಮಾಡಿದೆ. ಬೆಳಿಗ್ಗೆ ಅವಳ ಬಿಪಿ ಮಾತ್ರೆಯನ್ನು ನಾನೇ ಕೈಗಿಟ್ಟೆ. ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವಂಥ ಮಾತ್ರೆ ಅದು. ನೀರಿನ ಬಾಟಲಿಯನ್ನೂ ಅವಳ ಚೀಲಕ್ಕೆ ಹಾಕಿದೆ.

ಬಸ್ಸಿಳಿದು ಸ್ವಲ್ಪ ಹೊತ್ತಿಗೇ ಅಮ್ಮ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು, "ಇಲ್ಲಿ ಬಾತ್‌ರೂಮು ಎಲ್ಲೈತೆ?"

ಹುಡುಕಿ ಹುಡುಕಿ ಕೊನೆಗೆ ಒಂದು ಕಾಫಿ ಅಂಗಡಿಗೆ ಹೋದೆವು. ಏನಾದರೂ ಕೊಂಡರೆ ಮಾತ್ರ ಬಾಗಿಲು ತೆಗೆಯುತ್ತಾರೆ. ಅಲ್ಲಿ ಉದ್ದದ ಸಾಲು. ಅಮ್ಮ ಹೋಗಿ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು.

"ಮನೇಲೇ ಹೋಗಿ ಬರೋಕೆ ಏನಾಗಿತ್ತಮ್ಮ? ಹಿಂಗೆ ಗಳಿಗೆಗೊಂದ್ಸಲ ಅಂದ್ರೆ ಏನೂ ನೋಡೋಕಾಗಲ್ಲ" ಎಂದು ಸಿಡುಕಿದೆ.

"ಇನ್ನ ಕೇಳಲ್ಲ ಬಿಡವ್ವ" ಅಂದಳು. ಆಮೇಲೆ ಕೇಳಲೂ ಇಲ್ಲ.

ಹೊರಗೆ ಹೊರಟ ಹೆಂಗಸರು ನೀರು ಕುಡಿಯಬಾರದು ಎಂಬುದು ನಮ್ಮ ಕಡೆ ಯಾರೂ ಹೇಳಿಕೊಡದೆ ಬರುವ ವಿದ್ಯೆ. ದೂರದ ಬಸ್ಸಾಗಲಿ, ಮದುವೆಯಾಗಲಿ, ಗಂಟಲು ಒಣಗಿಸಿಕೊಂಡೇ ಹೋಗಿ ಬರುವುದು. ನಮ್ಮ ಹೈಸ್ಕೂಲಿನ ಶೌಚಾಲಯಕ್ಕೆ ಬಾಗಿಲಿರಲಿಲ್ಲ, ಹಾಗಾಗಿ ನಾನೂ ಮೂರು ವರ್ಷ ಅದನ್ನೇ ಮಾಡಿದವಳು. ಈಗ ವಾರ್ಡಿನಲ್ಲಿ ಯಾವ ರೋಗಿ ಎಷ್ಟು ನೀರು ಕುಡಿದ ಎಂದು ಬರೆಯದಿದ್ದರೆ ನರ್ಸುಗಳ ಮೇಲೆ ರೇಗುತ್ತೇನೆ. ಪಕ್ಕದಲ್ಲೇ ನಡೆಯುತ್ತಿದ್ದ ಅಮ್ಮ ಹನಿ ನೀರು ಮುಟ್ಟಿಲ್ಲವೆಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಕುಡಿ ಎಂದಾಗಲೆಲ್ಲ "ಆಗ್ಲೇ ಕುಡದೆ" ಎನ್ನುತ್ತಿದ್ದಳು. ಕಲ್ಲು ಹಾಸಿದ ಬೀದಿಗಳು ಕಾದ ಹೆಂಚಿನಂತಿದ್ದವು. ಎರಡನೆಯ ಚರ್ಚಿನ ಹೊತ್ತಿಗೆ ಅವಳ ಮಾತು ನಿಂತಿತ್ತು. ಕಷ್ಟಪಟ್ಟು ರಜೆ ಹಾಕಿ ತೋರಿಸುತ್ತಿದ್ದರೆ ಮುಖ ಊದಿಸಿಕೊಂಡಿದ್ದಾಳಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಸಂಜೆ ನಾಲ್ಕರ ಸುಮಾರಿಗೆ ನದಿಯ ಸೇತುವೆಯ ಮೇಲೆ ಫೋಟೊಗೆ ನಿಲ್ಲು ಎಂದೆ. ನಿಂತಳು. ಕಂಬಿ ಹಿಡಿದುಕೊಂಡೇ ಕುಸಿದಳು.

ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ತನ್ನ ಟೋಪಿಯನ್ನು ಅಮ್ಮನ ಮುಖಕ್ಕೆ ನೆರಳಾಗಿ ಹಿಡಿದು, "ಯೂ ಆರ್ ಗ್ರ್ಯಾಂಡ್, ಲವ್" ಎಂದು, ನಿನಗೇನೂ ಆಗಿಲ್ಲ ಎನ್ನುವ ಧೈರ್ಯದ ಮಾತನ್ನು, ಮತ್ತೆ ಮತ್ತೆ ಹೇಳುತ್ತಿದ್ದಳು. ನೀರಿಗೆಂದು ನಾನು ಚೀಲಕ್ಕೆ ಕೈಹಾಕಿದೆ. ಬಾಟಲಿ ತುಂಬಿತ್ತು. ಮುಚ್ಚಳದ ಸೀಲು ಒಡೆದಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು, ಇವರು ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ ಎಂದು ಕೇಳಿದಳು. ಬೆಳಿಗ್ಗೆ ಎಂದೆ. ನಾನು ಡಾಕ್ಟರೆಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅಮ್ಮನ ಕಿಡ್ನಿ ಮೊದಲೇ ಸೋತಿದ್ದವು, ಆ ದಿನದ ನಂತರ ಚೇತರಿಸಿಕೊಳ್ಳಲೇ ಇಲ್ಲ. ಮೂರನೆಯ ದಿನ ಕಣ್ಣು ತೆರೆದವಳು ಮೊದಲು ಹೇಳಿದ್ದು, "ನಿನ್ನ ರಜಾ ಹಾಳಾತಲ್ಲವ್ವ."

ಈಗ ಬಳ್ಳಾರಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿದ ನೀರು ಮೈಯಲ್ಲೇ ನಿಂತು ಉಸಿರಿಗೆ ತೊಂದರೆಯಾಗುವುದರಿಂದ ದಿನಕ್ಕೆ ಮೂರೇ ಲೋಟ, ಅದೂ ಆ ಬಿಸಿಲಿನಲ್ಲಿ. ದಿನಾ ಫೋನು ಮಾಡಿ ಎಷ್ಟು ಕುಡಿದೆ ಎಂದು ವಿಚಾರಿಸುವವಳು ನಾನೇ. ನಿನ್ನೆಯೂ ಕೇಳಿದೆ.

"ನಾಕು ಲೋಟ ಆತವ್ವ. ಬಾಯಿ ಬಾಳ ಒಣಗಿತ್ತು" ಎಂದಳು. "ಸಿಟ್ಟು ಮಾಡ್ಕೋಬ್ಯಾಡ."